ಬೈಕ್ ಎಂಜಿನ್ ಮನೆಯಲ್ಲೇ ಬಿಚ್ಚುವ ಮುಂಚೆ: ಹೊಗೆ, ಸದ್ದು, ಕಿಕ್ ಏನು ಹೇಳುತ್ತವೆ

“ಎಂಜಿನ್ ಹೋಗಿದೆ, ಬಿಚ್ಚಲೇಬೇಕು.” ಈ ಮಾತು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಹಳ ಬೇಗ ಬಾಯಿಗೆ ಬರುತ್ತದೆ. ಹೊಗೆ ಬಂದರೂ ಅದೇ, ಪಿಕಪ್ ಕಡಿಮೆಯಾದರೂ ಅದೇ, ಕಿಕ್ ಹೊಡೆದು ಕಾಲು ಸೋತರೂ ಅದೇ. ಎಂಜಿನ್ ನಿಜವಾಗಿ ಸವೆದಿದ್ದರೆ ಅದು ಹೊರಗಿನಿಂದಲೇ ಗೊತ್ತಾಗುತ್ತದೆ. ಯಾವ ಭಾಗ ಸವೆದಿದೆ ಅಂತಲೂ ಬಹುತೇಕ ಗೊತ್ತಾಗುತ್ತದೆ. ಅದನ್ನು ನೋಡದೆ ಪಾನಾ ಹಿಡಿದರೆ ದುಡ್ಡೂ ದಂಡ, ಚೆನ್ನಾಗಿದ್ದ ಪ್ಯಾಕಿಂಗ್‌ಗಳೂ (ಗ್ಯಾಸ್ಕೆಟ್) ಹಾಳು.

ಇಲ್ಲಿ ಬರೆದಿರುವುದು 100ರಿಂದ 160 ಸಿಸಿಯ, ಗಾಳಿಯಿಂದ ತಣ್ಣಗಾಗುವ, ಒಂದೇ ಸಿಲಿಂಡರ್ ಇರುವ ನಾಲ್ಕು ಸ್ಟ್ರೋಕ್ ಗಾಡಿಗಳ ಬಗ್ಗೆ. ಸ್ಪ್ಲೆಂಡರ್, ಪ್ಲಾಟಿನಾ, ಶೈನ್, ಪಲ್ಸರ್ 150 ತರಹದವು. ಹೆಡ್ (ವಾಲ್ವ್ ಇರುವ ಮೇಲಿನ ಭಾಗ), ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್), ಪಿಸ್ಟನ್ ತನಕದ ಕೆಲಸಕ್ಕೆ ಹಾಫ್ ಎಂಜಿನ್ ಅನ್ನುತ್ತಾರೆ. ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ದಂಡ), ಗೇರ್ ತನಕ ಹೋದರೆ ಫುಲ್ ಎಂಜಿನ್. ತಾಳ್ಮೆ, ಸರಿಯಾದ ಸಾಮಾನು ಇದ್ದವರು ಹಾಫ್ ಎಂಜಿನ್ ಮನೆಯಲ್ಲಿ ಮಾಡಬಹುದು. ಫುಲ್ ಎಂಜಿನ್ ಮನೆಯಲ್ಲಿ ಬೇಡ. ಯಾಕೆ ಅಂತ ಮುಂದೆ ಬರುತ್ತದೆ.

ಮೊದಲು ಜೀವ, ಆಮೇಲೆ ಗಾಡಿ

ಪೆಟ್ರೋಲ್ ಪೈಪ್ ಬಿಚ್ಚುವ ಕಡೆ ಬೀಡಿ, ಸಿಗರೇಟು, ಒಲೆ, ದೇವರ ದೀಪ ಯಾವುದೂ ಹತ್ತಿರ ಇರಬಾರದು. ಪೆಟ್ರೋಲ್ ಹಬೆ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ದೂರದ ಬೆಂಕಿಯನ್ನೂ ಮುಟ್ಟುತ್ತದೆ. ಭಾಗ ತೊಳೆಯಲು ಪೆಟ್ರೋಲ್ ಬೇಡ, ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು. ಅವೂ ಹತ್ತಿಕೊಳ್ಳುತ್ತವೆ, ಆದರೆ ಪೆಟ್ರೋಲಿನಷ್ಟು ಸುಲಭಕ್ಕಲ್ಲ.

ಬಾಗಿಲು ಹಾಕಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಸೈಲೆನ್ಸರ್‌ನಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತಲೆ ಸುತ್ತುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಶಕ್ತಿಯೇ ಇರುವುದಿಲ್ಲ. ಪಡಸಾಲೆಯಲ್ಲೂ ಬೇಡ, ಅಂಗಳಕ್ಕೆ ತನ್ನಿ.

ಲುಂಗಿ, ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಕೆಲಸಕ್ಕೆ ಕೂಡಿ. ಚೈನಿಗೆ ಬಟ್ಟೆ ಸಿಕ್ಕರೆ ಬೆರಳೂ ಜೊತೆಗೆ ಹೋಗುತ್ತದೆ. ಪಿಸ್ಟನ್ ಪಿನ್ನನ್ನು ಹಿಡಿದಿಡುವ ತಂತಿಯ ಲಾಕ್ ತೆಗೆಯುವಾಗ ಅದು ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕ ಇರಲಿ.

ಕಿಕ್ ಹೊಡೆದರೂ, ಸೆಲ್ಫ್ ಒತ್ತಿದರೂ ಸ್ಟಾರ್ಟ್ ಆಗುವುದಿಲ್ಲ

ಇದು ಎಂಜಿನ್ ದೋಷ ಆಗಿರುವ ಸಾಧ್ಯತೆ ತುಂಬಾ ಕಡಿಮೆ. ಖರ್ಚಿಲ್ಲದ್ದರಿಂದ ಶುರು ಮಾಡಿ. ಕಿಲ್ ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಕಾಕ್ ತೆರೆದಿದೆಯಾ? ಸೈಡ್ ಸ್ಟ್ಯಾಂಡ್ ಹಾಕಿದರೆ ಎಂಜಿನ್ ಬಂದ್ ಆಗುವ ಸ್ವಿಚ್ ಈಗಿನ ಹಲವು ಗಾಡಿಗಳಲ್ಲಿದೆ. ಆ ಸ್ವಿಚ್ಚಿಗೆ ಎರೆಮಣ್ಣು ಮೆತ್ತಿಕೊಂಡರೆ ಸ್ಟ್ಯಾಂಡ್ ಎತ್ತಿದರೂ ಗಾಡಿಗೆ ಗೊತ್ತಾಗುವುದಿಲ್ಲ. ನೀರು ಹಾಕಿ ತೊಳೆಯಿರಿ.

ಆಮೇಲೆ ಪ್ಲಗ್. ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ರಂಧ್ರದಿಂದ ದೂರ ಇಡಬೇಕು, ಯಾಕೆಂದರೆ ಅಲ್ಲಿಂದ ಪೆಟ್ರೋಲ್ ಹಬೆ ಬರುತ್ತಿರುತ್ತದೆ. ಪ್ಲಗ್ ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಹಿಡಿದು ಕಿಕ್ ಹೊಡೆದರೆ ಕಿಡಿಯನ್ನು ನಿಯಂತ್ರಿಸುವ ಸಿಡಿಐ, ಇಸಿಯು ಹಾಳಾಗಬಹುದು. ನೀಲಿ ಕಿಡಿ ಚಟ್ ಅಂತ ಬಂದರೆ ಕರೆಂಟ್ ಸರಿ ಇದೆ. ಕೆಂಪಗೆ, ಸಣ್ಣಗೆ ಬಂದರೆ ಹೊಸ ಪ್ಲಗ್ ಹಾಕಿ ನೋಡಿ.

ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಒದ್ದೆಯಾಗಿ ಪೆಟ್ರೋಲ್ ವಾಸನೆ ಬಂದರೆ ಜಾಸ್ತಿ ಬಂದಿದೆ. ಒದ್ದೆಯಾಗಿ, ಕರ್ರಗೆ, ಎಣ್ಣೆ ಜಿಡ್ಡು ಇದ್ದರೆ ಆಯಿಲ್ ಮೇಲೆ ಬರುತ್ತಿದೆ, ಹೊಗೆಯ ಭಾಗ ಓದಿ. ತಿಳಿ ಕಂದು ಬಣ್ಣ ಇದ್ದರೆ ಒಳಗೆ ಉರಿ ಸರಿಯಾಗಿದೆ.

ಇಂಜೆಕ್ಷನ್ ಗಾಡಿಯಾದರೆ ಕೀ ಹಾಕಿದ ತಕ್ಷಣ ಟ್ಯಾಂಕಿನ ಕಡೆಯಿಂದ ಪಂಪಿನ ಗುಂಯ್ ಸದ್ದು ಬಂದು ನಿಲ್ಲಬೇಕು. ಬರದಿದ್ದರೆ ಫ್ಯೂಸ್, ಬ್ಯಾಟರಿ ನೋಡಿ. ಮೀಟರಿನಲ್ಲಿ ಎಂಜಿನ್ ಗುರುತಿನ ದೀಪ ಆರದೆ ಉಳಿದರೆ ಅಥವಾ ಮಿಣುಕುತ್ತಿದ್ದರೆ ಕೋಡ್ ಓದುವ ಯಂತ್ರ ಬೇಕು. ಅಲ್ಲಿಗೆ ಮನೆ ಕೆಲಸ ಮುಗಿಯಿತು.

ಸ್ವಲ್ಪ ದೂರ ಓಡಿ ನಿಲ್ಲುತ್ತದೆ, ತಣ್ಣಗಾದರೆ ಮತ್ತೆ ಬರುತ್ತದೆ

ಬೇಸಿಗೆಯಲ್ಲಿ ಅತಿ ಹೆಚ್ಚು ಕೇಳುವ ದೂರು ಇದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಡಿ ನಿಂತ ಕೂಡಲೇ “ಎಂಜಿನ್ ಹಿಡಿಯಿತು” ಅಂದುಬಿಡುತ್ತಾರೆ. ನಿಂತ ಆ ಜಾಗದಲ್ಲೇ ಎರಡು ಪರೀಕ್ಷೆ ಮಾಡಿ.

ಒಂದು, ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ ಅಂತ ಗಾಳಿ ಒಳಗೆ ಹೋಗಿ, ಒಂದೆರಡು ನಿಮಿಷಕ್ಕೆ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ರಂಧ್ರ ಕಟ್ಟಿದೆ. ಪೆಟ್ರೋಲ್ ಕೆಳಗೆ ಇಳಿಯಬೇಕಾದರೆ ಮೇಲಿಂದ ಗಾಳಿ ಬರಬೇಕಲ್ವಾ? ಸಂಡೂರಿನ ಅದಿರು ದೂಳಿನ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಈ ರಂಧ್ರ ಕೆಂಪು ಮಣ್ಣಿನಿಂದ ಗಚ್ಚಿನ ಹಾಗೆ ಮುಚ್ಚಿರುತ್ತದೆ. ತೆಳ್ಳನೆ ತಂತಿ, ಸ್ವಲ್ಪ ಗಾಳಿ, ಅಷ್ಟೇ ಕೆಲಸ.

ಎರಡು, ಗಾಡಿ ಬಿಸಿ ಇರುವಾಗಲೇ ಕಿಡಿ ನೋಡಿ. ಕೈಗೆ ದಪ್ಪ ಬಟ್ಟೆ ಇರಲಿ, ಪ್ಲಗ್ ಸುಡುತ್ತದೆ. ಬಿಸಿಯಲ್ಲಿ ಕಿಡಿ ಇಲ್ಲ, ತಣ್ಣಗಾದ ಮೇಲೆ ಬರುತ್ತದೆ ಅಂದರೆ ಇಗ್ನಿಷನ್ ಕಾಯಿಲ್ ಅಥವಾ ಪಲ್ಸರ್ ಕಾಯಿಲ್ (ಪಲ್ಸರ್ ಬೈಕ್ ಅಲ್ಲ, ಕಿಡಿ ಯಾವಾಗ ಅಂತ ಹೇಳುವ ಕಾಯಿಲ್) ಒಳಗೆ ಸೀಳಿರಬಹುದು. ಬಿಸಿಗೆ ಹಿಗ್ಗಿದಾಗ ತಂತಿ ಬಿಡುತ್ತದೆ, ತಣ್ಣಗಾದಾಗ ಕೂಡುತ್ತದೆ. ಪಿಸ್ಟನ್ ಬದಲಿಸಿದರೂ ಇದು ಹೋಗುವುದಿಲ್ಲ.

ಈ ಎರಡೂ ಸರಿ ಇದ್ದು, ನಿಲ್ಲುವ ಮುಂಚೆ ಎಂಜಿನ್ ಯಾರೋ ಹಿಂದಿನಿಂದ ಎಳೆದಂತೆ ಬಿಗಿಯಾಗಿ ನಿಂತಿದ್ದರೆ ಅದು ಸೀಜ್, ಅಂದರೆ ಪಿಸ್ಟನ್ ಬ್ಲಾಕಿಗೆ ಹಿಡಿದುಕೊಂಡಿದೆ. ಅದಕ್ಕೆ ಬೇರೆ ಭಾಗ ಇದೆ, ಕೆಳಗೆ ನೋಡಿ.

ಪಿಕಪ್ ಇಲ್ಲ, ಮೈಲೇಜ್ ಬಿದ್ದಿದೆ

ಮೊದಲು ಡಬಲ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಬ್ರೇಕ್ ಹಿಡಿದುಕೊಂಡಿದ್ದರೆ ಎಷ್ಟು ಒಳ್ಳೆಯ ಎಂಜಿನ್ ಇದ್ದರೂ ಗಾಡಿ ಎಳೆಯುವುದಿಲ್ಲ. ಆಮೇಲೆ ಕ್ಲಚ್. ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಏರಿನಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಎಕ್ಸಲರೇಟರ್ ಕೊಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಕಾರಿನ ಆಯಿಲ್ ಹಾಕಿದ ಗಾಡಿಗಳಲ್ಲಿ ಇದು ಜಾಸ್ತಿ. ಬೈಕಿನ ಕ್ಲಚ್ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಅಂತ ಇರುವ ಆಯಿಲ್ ಮಾತ್ರ ಹಾಕಬೇಕು.

ಈಗ ಏರ್ ಫಿಲ್ಟರ್. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ನಮ್ಮ ಮೂರು ಜಿಲ್ಲೆಯಲ್ಲಿ ಎಂಜಿನ್ ಸಾಯುವುದು ಮುಖ್ಯವಾಗಿ ದೂಳಿನಿಂದ. ಸಂಡೂರು, ತೋರಣಗಲ್ಲು ಕಡೆ ಅದಿರಿನ ದೂಳು. ಶಕ್ತಿನಗರದ ಸುತ್ತ ವಿದ್ಯುತ್ ಸ್ಥಾವರದ ಹಾರುಬೂದಿ. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆ ಭತ್ತದ ಕಟಾವು ಬಂದರೆ ರಸ್ತೆ ತುಂಬಾ ಹೊಟ್ಟು. ಕಬ್ಬಿಣದ ಅದಿರಿನ ಕಣ ಎಷ್ಟು ಗಟ್ಟಿ ಅಂದರೆ ಬ್ಲಾಕಿನ ಗೋಡೆಯನ್ನೇ ಉಜ್ಜಿ ತೆಗೆಯುತ್ತದೆ. ಸರ್ವಿಸ್ ಪುಸ್ತಕದಲ್ಲಿ ಫಿಲ್ಟರ್ ಬದಲಿಸಲು ಬರೆದ ಕಿಲೋಮೀಟರ್ ಮಾಮೂಲಿ ರಸ್ತೆಗೆ. ದೂಳಿನ ಊರಿಗೆ ಬೇಗ ಬದಲಿಸಿ ಅಂತ ಅದೇ ಪುಸ್ತಕ ಹೇಳುತ್ತದೆ, ಆ ಸಾಲನ್ನು ಯಾರೂ ಓದುವುದಿಲ್ಲ. ನಮ್ಮ ಕಡೆ ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಅರ್ಧಕ್ಕೇ ಬದಲಿಸುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಫಿಲ್ಟರ್ ಹೊರಗೆ ಕೊಳೆಯಾಗಿರುವುದು ದೊಡ್ಡ ವಿಷಯ ಅಲ್ಲ, ಕೊಳೆ ಹಿಡಿಯುವುದೇ ಅದರ ಕೆಲಸ. ನೋಡಬೇಕಾದ್ದು ಅದರ ಆಚೆ ಬದಿ. ಫಿಲ್ಟರ್ ತೆಗೆದು, ಕಾರ್ಬರೇಟರ್ ಕಡೆಗೆ ಹೋಗುವ ರಬ್ಬರ್ ಕೊಳವೆಯ ಒಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಹಾಕಿ ಒರೆಸಿ. ಬಟ್ಟೆ ಬೆಳ್ಳಗೆ ಬಂದರೆ ಸಮಾಧಾನ. ಕೆಂಪು ಅಥವಾ ಬೂದಿ ಬಣ್ಣದ ದೂಳು ಅಂಟಿ, ಬೆರಳಲ್ಲಿ ಉಜ್ಜಿದಾಗ ಗರಗರ ಅಂದರೆ ಫಿಲ್ಟರ್ ಹರಿದಿದೆ ಅಥವಾ ಅದರ ಅಂಚು ಸರಿಯಾಗಿ ಕೂತಿಲ್ಲ. ಆ ದೂಳು ಪಿಸ್ಟನ್ ತನಕ ಹೋಗಿದೆ ಅಂತಲೇ ತಿಳಿಯಿರಿ. ಮುಂದಿನ ಪರೀಕ್ಷೆಗಳನ್ನು ತಪ್ಪದೆ ಮಾಡಿ.

ಎಣ್ಣೆ ಹಚ್ಚಿದ ಪೇಪರ್ ಫಿಲ್ಟರ್‌ಗೆ ಗಾಳಿ ಹೊಡೆಸಬೇಡಿ. ಗಾಳಿಯ ರಭಸಕ್ಕೆ ಪೇಪರ್ ಸೀಳುತ್ತದೆ, ಎಣ್ಣೆಯೂ ಹೋಗುತ್ತದೆ. ಅದನ್ನು ಬದಲಿಸುವುದೊಂದೇ ದಾರಿ. ಸ್ಪಂಜಿನ ಫಿಲ್ಟರ್ ಆದರೆ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಆಯಿಲ್ ಹಚ್ಚಿ ಹಿಂಡಿ ಹಾಕಬಹುದು.

ಕಪ್ಪು ಹೊಗೆ ಬರುತ್ತಿದ್ದರೆ ಅದೂ ಇಲ್ಲೇ ಸೇರುತ್ತದೆ. ಪೆಟ್ರೋಲ್ ಜಾಸ್ತಿ ಅಥವಾ ಗಾಳಿ ಕಡಿಮೆ. ಫಿಲ್ಟರ್, ಚೋಕ್, ಕಾರ್ಬರೇಟರ್ ನೋಡಿ. ಎಂಜಿನ್ ಮುಟ್ಟಬೇಡಿ.

ಕಿಕ್ ಹಗುರವಾಗಿದೆ, ಕಾಲಿಗೆ ತಡೆಯೇ ಸಿಗುತ್ತಿಲ್ಲ

ಇದು ಕಂಪ್ರೆಷನ್ ಹೋದ ಲಕ್ಷಣ, ಅಂದರೆ ಪಿಸ್ಟನ್ ಗಾಳಿಯನ್ನು ಅಮುಕುವ ಒತ್ತಡ ಸೋರುತ್ತಿದೆ. ಅದು ಹೋಗುವುದು ಮೂರು ದಾರಿಯಲ್ಲಿ: ವಾಲ್ವ್ (ಹೆಡ್ಡಿನಲ್ಲಿ ತೆರೆದು ಮುಚ್ಚುವ ಬಾಗಿಲು) ಸರಿಯಾಗಿ ಮುಚ್ಚದೆ, ರಿಂಗ್ (ಪಿಸ್ಟನ್ ಸುತ್ತಲಿನ ಬಳೆ) ಮತ್ತು ಬ್ಲಾಕ್ ಸವೆದು, ಹೆಡ್ ಪ್ಯಾಕಿಂಗ್ ಸೋರಿ. ಹೆಚ್ಚಿನವರು ನೇರ ಪಿಸ್ಟನ್ ಕಿಟ್ ತರಲು ಹೋಗುತ್ತಾರೆ. ಮೊದಲು ಟ್ಯಾಪೆಟ್ ನೋಡಿ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು. ಅದಕ್ಕೆ ಫಿಲ್ಲರ್ ಗೇಜ್ (ಸಂದು ಅಳೆಯುವ ತೆಳ್ಳನೆ ಎಲೆಗಳು) ಒಂದಿದ್ದರೆ ಸಾಕು.

ಟ್ಯಾಪೆಟ್ ನೋಡುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು. ಹೋಂಡಾ ಕೈಪಿಡಿಗಳು 35 ಡಿಗ್ರಿಗಿಂತ ಕೆಳಗೆ ಇರಲಿ ಅನ್ನುತ್ತವೆ. ನಮ್ಮಲ್ಲಿ ಬೇಸಿಗೆ ಮಧ್ಯಾಹ್ನ ನೆರಳಲ್ಲಿ ನಿಲ್ಲಿಸಿದ ಗಾಡಿಯೂ ಅದಕ್ಕಿಂತ ಬಿಸಿ ಇರುತ್ತದೆ. ಹಾಗಾಗಿ ಹಿಂದಿನ ರಾತ್ರಿಯಿಂದ ಓಡಿಸದೆ, ಬೆಳಗಿನ ಜಾವ ಈ ಕೆಲಸ ಮಾಡಿ.

ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯ ಚಕ್ರ) ತಿರುಗಿಸಿ, ಪಿಸ್ಟನ್ ಪೂರ್ತಿ ಮೇಲಿರುವುದನ್ನು ತೋರಿಸುವ ಟಿ ಗುರುತನ್ನು ಕವರಿನ ಗುರುತಿಗೆ ಕೂಡಿಸಿ. ಎರಡೂ ರಾಕರ್ ಕೈಯಲ್ಲಿ ಸ್ವಲ್ಪ ಅಲುಗಾಡಬೇಕು. ಅಲುಗಾಡದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ ಮತ್ತೆ ನೋಡಿ. ಈ ಗಾಡಿಗಳಲ್ಲಿ ಸಂದು ಸಾಮಾನ್ಯವಾಗಿ 0.05ರಿಂದ 0.12 ಮಿ.ಮೀ. ಒಳಗಿರುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿರುವ ಅಂಕಿಯೇ ಕೊನೆಯ ಮಾತು. ಗೇಜಿನ ಎಲೆ ಸ್ವಲ್ಪ ಹಿಡಿದಂತೆ ಜಾರಬೇಕು. ಸಂದೇ ಇಲ್ಲದಿದ್ದರೆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಕಂಪ್ರೆಷನ್ ಅಲ್ಲೇ ಸೋರುತ್ತಿದೆ. ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ ಅಪಾಯ. ವಾಲ್ವ್ ತನ್ನ ಬಿಸಿಯನ್ನು ಹೆಡ್ಡಿಗೆ ಕೊಡುವುದು ಮುಚ್ಚಿ ಕೂತಾಗ. ಕೂರದಿದ್ದರೆ ಅದರ ಅಂಚೇ ಸುಟ್ಟುಹೋಗುತ್ತದೆ. “ಗಾಡಿ ಈಗ ಸದ್ದೇ ಮಾಡಲ್ಲ” ಅಂತ ಖುಷಿಪಡುವವರು ಇದನ್ನು ತಿಳಿದಿರಬೇಕು.

ಟ್ಯಾಪೆಟ್ ಸರಿ ಮಾಡಿದ ಮೇಲೂ ಕಿಕ್ ಹಗುರ ಇದ್ದರೆ ಕಂಪ್ರೆಷನ್ ಗೇಜ್ ಬೇಕು. ಪರಿಚಯದ ಗ್ಯಾರೇಜಿನಲ್ಲಿ ಕೇಳಿದರೆ ಸಿಗುತ್ತದೆ. ಪ್ಲಗ್ ರಂಧ್ರಕ್ಕೆ ಗೇಜ್ ಹಾಕಿ, ಎಕ್ಸಲರೇಟರ್ ಪೂರ್ತಿ ತೆರೆದು, ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆಯಿರಿ. 150 ಪಿಎಸ್‌ಐ ಆಸುಪಾಸು ಬಂದರೆ ಚಿಂತೆಯಿಲ್ಲ. 100ಕ್ಕಿಂತ ಕೆಳಗೆ ಬಂದರೆ ಒಳಗೆ ತೊಂದರೆ ಇದೆ. ಕಿಕ್ ಹಗುರ ಮಾಡಲೆಂದೇ ಡಿಕಂಪ್ರೆಸರ್ ಇಟ್ಟ ಗಾಡಿಗಳಲ್ಲಿ ಅಂಕಿ ಕಡಿಮೆಯೇ ಬರುತ್ತದೆ, ಪುಸ್ತಕಕ್ಕೆ ಹೋಲಿಸಿ.

ಈಗ ಪ್ಲಗ್ ರಂಧ್ರದಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ನಾಲ್ಕಾರು ಕಿಕ್ ಹೊಡೆದು ಹರಡಿಸಿ, ಮತ್ತೆ ಅಳೆಯಿರಿ. ಅಂಕಿ ಚೆನ್ನಾಗಿ ಏರಿದರೆ ರಿಂಗ್ ಮತ್ತು ಬ್ಲಾಕ್ ಸವೆದಿದೆ. ಆಯಿಲ್ ಆ ಸಂದನ್ನು ಸ್ವಲ್ಪ ಹೊತ್ತು ಮುಚ್ಚಿತು, ಅದಕ್ಕೇ ಏರಿತು. ಏರದಿದ್ದರೆ ತೊಂದರೆ ಮೇಲೆ, ವಾಲ್ವ್ ಅಥವಾ ಹೆಡ್ ಪ್ಯಾಕಿಂಗಿನಲ್ಲಿ. ಪ್ಯಾಕಿಂಗ್ ಸೋರುತ್ತಿದ್ದರೆ ಹೆಡ್ ಮತ್ತು ಬ್ಲಾಕ್ ಕೂಡುವ ಗೆರೆಯಲ್ಲಿ ಸೋಪಿನ ನೀರು ಹಚ್ಚಿ ಕಿಕ್ ಹೊಡೆದರೆ ಗುಳ್ಳೆ ಏಳುತ್ತದೆ. ಒಂದು ಚಮಚ ಆಯಿಲ್, ಅಷ್ಟೇ. ಬ್ಲಾಕ್ ಬಿಚ್ಚಬೇಕಾ, ಬರೀ ಹೆಡ್ ಸಾಕಾ ಅಂತ ಅದು ತೀರ್ಮಾನ ಮಾಡಿಕೊಡುತ್ತದೆ.

ನೀಲಿ ಹೊಗೆ, ಆಯಿಲ್ ಕಡಿಮೆಯಾಗುತ್ತಿದೆ

ಚಳಿಗಾಲದ ಬೆಳಿಗ್ಗೆ ಬಿಳಿ ಹಬೆ ಬಂದು ಎರಡು ನಿಮಿಷಕ್ಕೆ ನಿಂತರೆ ಅದು ಬರೀ ನೀರಾವಿ. ಬಿಡಿ. ನೀಲಿ ಹೊಗೆ ಬೇರೆ. ಅದಕ್ಕೆ ಸುಟ್ಟ ಎಣ್ಣೆಯ ವಾಸನೆ ಇರುತ್ತದೆ, ಗಾಳಿಯಲ್ಲಿ ಬೇಗ ಕರಗುವುದಿಲ್ಲ.

ಮೊದಲು ಡಿಪ್‌ಸ್ಟಿಕ್ ನೋಡಿ. ಗಾಡಿ ನೆಟ್ಟಗೆ ನಿಂತಿರಲಿ. ಆಯಿಲ್ ಮೇಲಿನ ಗುರುತು ದಾಟಿದ್ದರೆ ಜಾಸ್ತಿ ಹಾಕಿದ್ದೇ ಹೊಗೆಗೆ ಕಾರಣ ಇರಬಹುದು. ಹೆಚ್ಚಿದ್ದನ್ನು ತೆಗೆದು ಓಡಿಸಿ ನೋಡಿ.

ಮಟ್ಟ ಸರಿ ಇದ್ದರೆ ಹೊಗೆ ಯಾವಾಗ ಬರುತ್ತದೆ ಅಂತ ಗಮನಿಸಿ. ಇನ್ನೊಬ್ಬರು ಹಿಂದೆ ಬೇರೆ ಗಾಡಿಯಲ್ಲಿ ಬಂದು ನೋಡಿದರೆ ಒಳ್ಳೆಯದು. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಭುಸ್ ಅಂತ ಬಂದು ನಿಂತರೆ ವಾಲ್ವ್ ಪಕ್ಕದಿಂದ ಆಯಿಲ್ ಇಳಿಯದಂತೆ ತಡೆಯುವ ರಬ್ಬರ್ ಸೀಲ್ ಗಟ್ಟಿಯಾಗಿದೆ. ಇಳಿಜಾರಿನಲ್ಲಿ ಎಕ್ಸಲರೇಟರ್ ಬಿಟ್ಟು ಇಳಿದು, ಮತ್ತೆ ಕೊಟ್ಟಾಗ ಬಂದರೂ ಸೀಲ್ ಅಥವಾ ವಾಲ್ವ್ ಗೈಡ್ (ವಾಲ್ವ್ ಜಾರುವ ಕೊಳವೆ). ಎಕ್ಸಲರೇಟರ್ ಕೊಟ್ಟಷ್ಟೂ, ಇಬ್ಬರು ಕೂತು ಏರು ಹತ್ತಿದಷ್ಟೂ ಜಾಸ್ತಿಯಾದರೆ ರಿಂಗ್, ಬ್ಲಾಕ್.

ರಿಂಗ್ ಅಂತ ಖಚಿತ ಮಾಡಿಕೊಳ್ಳಲು ಎಂಜಿನ್ನಿನಿಂದ ಏರ್ ಫಿಲ್ಟರ್ ಡಬ್ಬಿಗೆ ಹೋಗುವ ಬ್ರೀದರ್ ಪೈಪ್ ಬಿಚ್ಚಿ, ಐಡಲಿನಲ್ಲಿ ಬಿಡಿ. ಸಣ್ಣಗೆ ಗಾಳಿ ಆಡುವುದು ಸಹಜ. ಎಣ್ಣೆ ಹೊಗೆ ಪುಸುಪುಸು ಅಂತ ಒತ್ತಿ ಬಂದರೆ ಉರಿದ ಗಾಳಿ ಪಿಸ್ಟನ್ ಪಕ್ಕದಿಂದ ಕೆಳಗೆ ಇಳಿಯುತ್ತಿದೆ. ಇದರ ಜೊತೆ ಚಮಚ ಆಯಿಲಿನ ಪರೀಕ್ಷೆಯೂ ಅದನ್ನೇ ಹೇಳಿದರೆ ಬ್ಲಾಕ್ ಬಿಚ್ಚುವುದಕ್ಕೆ ಕಾರಣ ಸಿಕ್ಕಿತು.

ಆಯಿಲ್ ಕಡಿಮೆಯಾದಾಗೆಲ್ಲ ಸುಮ್ನೆ ತುಂಬಿಸುತ್ತಾ ಓಡಿಸಬಹುದಾ? ಹೊಗೆ ಸ್ವಲ್ಪವಿದ್ದು ಡಿಪ್‌ಸ್ಟಿಕ್ ವಾರಕ್ಕೊಮ್ಮೆ ನೋಡುವವರು ಒಂದಷ್ಟು ದಿನ ಓಡಿಸಬಹುದು. ನೋಡದವರು ಓಡಿಸಬಾರದು. ಇಂಥ ಗಾಡಿಯಲ್ಲಿ ಇರುವುದೇ ಒಂದು ಲೀಟರ್ ಆಸುಪಾಸು ಆಯಿಲ್. ಅದು ಅರ್ಧಕ್ಕೆ ಇಳಿದರೆ ಹಾಫ್ ಎಂಜಿನ್ ಕೆಲಸ ಫುಲ್ ಎಂಜಿನ್ ಆಗುತ್ತದೆ.

ಎಂಜಿನ್ನಿನಿಂದ ಹೊಸ ಸದ್ದು

ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ತಾಗಿಸಿ, ಹಿಡಿ ಕಿವಿಯ ಹತ್ತಿರ ಇಟ್ಟು ಕೇಳಿ. ಚೈನ್, ಚಕ್ರದಿಂದ ದೂರ ಇರಿ.

ಹೆಡ್ಡಿನಲ್ಲಿ ಟಿಕ್ ಟಿಕ್ ಅಂತ ಹಗುರ ಸದ್ದು ಬಂದರೆ ಟ್ಯಾಪೆಟ್. ಒಂದು ಬದಿಯಲ್ಲಿ ಚರ್ ಚರ್ ಅಂತ ಸರಪಳಿ ಉಜ್ಜಿದಂತೆ ಬಂದು, ಎಕ್ಸಲರೇಟರ್ ಬಿಟ್ಟಾಗ ಜಾಸ್ತಿಯಾದರೆ ಟೈಮಿಂಗ್ ಚೈನ್ (ಕ್ರ್ಯಾಂಕಿನಿಂದ ವಾಲ್ವ್ ಓಡಿಸುವ ಒಳಗಿನ ಚೈನ್) ಅಥವಾ ಅದನ್ನು ಬಿಗಿ ಇಡುವ ಟೆನ್ಷನರ್. ಇದನ್ನು ಮುಂದೂಡಬೇಡಿ. ಚೈನ್ ಹಲ್ಲು ಹಾರಿದರೆ ಟೈಮಿಂಗ್ ತಪ್ಪುತ್ತದೆ, ಹೆಚ್ಚು ತಪ್ಪಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ. ತಣ್ಣಗಿರುವಾಗ ಬ್ಲಾಕಿನಲ್ಲಿ ಟೊಕ್ ಟೊಕ್ ಅಂದು, ಬಿಸಿಯಾದ ಮೇಲೆ ನಿಂತರೆ ಪಿಸ್ಟನ್ ಸಡಿಲ. ಅದು ಅವಸರದ್ದಲ್ಲ.

ಕೆಳಗಿನಿಂದ, ಕ್ರ್ಯಾಂಕ್ ಇರುವ ಕಡೆಯಿಂದ ದಬ್ ದಬ್ ಅಂತ ಭಾರವಾದ ಬಡಿತ, ಎಕ್ಸಲರೇಟರ್ ಕೊಟ್ಟಾಗ ಜಾಸ್ತಿ, ಕಾಲಿನ ಪೆಗ್ಗಿಗೂ ತಿಳಿಯುವಂಥದ್ದು. ಅದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್, ಬಿಗ್ ಎಂಡ್ ಅನ್ನುತ್ತಾರೆ. ಅಲ್ಲೇ ಬಂದ್ ಮಾಡಿ. ಊರು ಎರಡೇ ಕಿಲೋಮೀಟರ್ ಇದ್ದರೂ ಓಡಿಸಬೇಡಿ, ಟಂಟಂ ಆಟೋ ಕರೆದು ಹಾಕಿಕೊಂಡು ಹೋಗಿ. ರಾಡ್ ಮುರಿದರೆ ಕೇಸನ್ನೇ ಒಡೆದು ಹೊರಬರಬಹುದು, ಹಿಂದಿನ ಚಕ್ರ ಒಮ್ಮೆಲೇ ಹಿಡಿಯಬಹುದು.

ಓಡುತ್ತಿದ್ದ ಗಾಡಿ ಬಿಗಿದು ನಿಂತಿತು, ಕಿಕ್ ಇಳಿಯುತ್ತಿಲ್ಲ

ಓಡುವಾಗಲೇ ಎಂಜಿನ್ ಎಳೆದಂತಾದರೆ ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ತನ್ನಿ. ನಿಂತ ಮೇಲೆ ನೀರು ಸುರಿಯಬೇಡಿ. ಕಾದ ಅಲ್ಯೂಮಿನಿಯಂ ಹೆಡ್ ನೀರಿಗೆ ಸೊಟ್ಟಾಗುತ್ತದೆ, ಸೀಳಲೂಬಹುದು. ಕಿಕ್ ಮೇಲೆ ನಿಂತು ತುಳಿಯಲೂ ಬೇಡಿ.

ಪೂರ್ತಿ ತಣ್ಣಗಾದ ಮೇಲೆ ಡಿಪ್‌ಸ್ಟಿಕ್ ನೋಡಿ. ಆಮೇಲೆ ಪ್ಲಗ್ ತೆಗೆದು ಸ್ವಲ್ಪ ಆಯಿಲ್ ಬಿಟ್ಟು, ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಹಿಂದೆ ಮುಂದೆ ಮೆಲ್ಲಗೆ ಅಲುಗಾಡಿಸಿ. ಬಿಟ್ಟುಕೊಂಡರೂ ಸ್ಟಾರ್ಟ್ ಮಾಡಿ ಹೊರಡಬೇಡಿ. ಪಿಸ್ಟನ್ ಮೈಯ ಅಲ್ಯೂಮಿನಿಯಂ ಬ್ಲಾಕಿನ ಗೋಡೆಗೆ ಅಂಟಿರುತ್ತದೆ. ಹಾಗೇ ಓಡಿಸಿದರೆ ರಿಂಗ್ ಮುರಿಯುತ್ತದೆ. ಬ್ಲಾಕ್ ತೆಗೆದೇ ನೋಡಬೇಕು.

ಕಾರಣ ಹುಡುಕದೆ ಹೊಸ ಪಿಸ್ಟನ್ ಹಾಕಿದರೆ ಅದೂ ಹಿಡಿಯುತ್ತದೆ. ಆಯಿಲ್ ಇರಲಿಲ್ಲವಾ? ಆಯಿಲ್ ಪಂಪ್ ಜಾಲರಿ ಕಟ್ಟಿದೆಯಾ? ಪೆಟ್ರೋಲ್ ಕಡಿಮೆ ಬಂದು ಎಂಜಿನ್ ಜಾಸ್ತಿ ಕಾದಿತಾ? ಇನ್ನೊಂದು ನಮ್ಮ ಹೊಲದ ಗಾಡಿಗಳದ್ದೇ: ಮಳೆಗಾಲದಲ್ಲಿ ಎರೆ ಹೊಲದಿಂದ ಬಂದ ಮಣ್ಣು ಬ್ಲಾಕಿನ ರೆಕ್ಕೆಗಳ ನಡುವೆ ತುಂಬಿ ಇಟ್ಟಿಗೆಯಂತೆ ಒಣಗುತ್ತದೆ. ಗಾಳಿ ಆಡುವ ಜಾಗವೇ ಇರುವುದಿಲ್ಲ. ಕಟ್ಟಿಗೆ ಕಡ್ಡಿ, ಬ್ರಷ್ ಹಿಡಿದು ತೆಗೆಯಿರಿ.

ಹಳ್ಳ ದಾಟಿ ಬಂದೆ, ಆಯಿಲ್ ಹಾಲಿನಂತಾಗಿದೆ

ಎಂಜಿನ್ ನೀರಿನಲ್ಲಿ ನಿಂತಿದ್ದರೆ ಪ್ಲಗ್ ತೆಗೆಯದೆ ಕಿಕ್ ಅಥವಾ ಸೆಲ್ಫ್ ಹೊಡೆಯಬಾರದು. ನೀರು ಗಾಳಿಯಂತೆ ಅಮುಕಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ತೆಗೆದು ಕಿಕ್ ಹೊಡೆದು ನೀರು ಹೊರಹಾಕಿ. ಆಯಿಲ್ ಪೂರ್ತಿ ಇಳಿಸಿ, ಕಡಿಮೆ ಬೆಲೆಯ ಹೊಸ ಆಯಿಲ್ ಹಾಕಿ ಸ್ವಲ್ಪ ಓಡಿಸಿ, ಮತ್ತೆ ಇಳಿಸಿ ಒಳ್ಳೆಯದನ್ನು ಹಾಕಿ. ನೀರು ಕೂತ ಎಂಜಿನ್ನನ್ನು ದಿನಗಟ್ಟಲೆ ಹಾಗೇ ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಬಿಚ್ಚುವುದು ಖಚಿತವಾದರೆ

ಟಾರ್ಕ್ ರೆಂಚ್, ಫಿಲ್ಲರ್ ಗೇಜ್, ನಿಮ್ಮ ಗಾಡಿಯ ಸರ್ವಿಸ್ ಕೈಪಿಡಿ, ಹೊಸ ಪ್ಯಾಕಿಂಗ್ ಸೆಟ್, ಹೊಸ ಪಿನ್ ಲಾಕ್. ಇಷ್ಟು ಇಲ್ಲದೆ ಶುರು ಮಾಡಬೇಡಿ. ಸ್ಪ್ಲೆಂಡರ್ ತರಹದ ಮಲಗಿದ ಎಂಜಿನ್ನಿನಲ್ಲಿ ಹೆಡ್, ಬ್ಲಾಕ್ ಎರಡೂ ಫ್ರೇಮಿನಲ್ಲಿದ್ದಂತೆಯೇ ಬರುತ್ತವೆ.

ಮೊದಲು ಗಾಡಿ ತೊಳೆಯಿರಿ. ಹೊರಗಿನ ಮಣ್ಣು ಒಳಗೆ ಬಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಗಾಳಿ ಬೀಸುವ ಹೊತ್ತಿನಲ್ಲಿ ಬಯಲಲ್ಲಿ ಬಿಚ್ಚಬೇಡಿ. ಟಿ ಗುರುತು ಕೂಡಿಸಿ, ಕ್ಯಾಮ್ ಸ್ಪ್ರಾಕೆಟಿನ (ಟೈಮಿಂಗ್ ಚೈನ್ ಕೂರುವ ಮೇಲಿನ ಹಲ್ಲುಚಕ್ರ) ಗುರುತಿನ ಫೋಟೋ ತೆಗೆಯಿರಿ. ಟೈಮಿಂಗ್ ಚೈನಿಗೆ ತಂತಿ ಕಟ್ಟಿ, ಒಳಗೆ ಬೀಳದಿರಲಿ. ಹೆಡ್ ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಬ್ಲಾಕ್ ಎತ್ತಿದ ಕೂಡಲೇ ಕ್ರ್ಯಾಂಕ್ ಕೇಸಿನ ಬಾಯಿಗೆ ಶುಭ್ರ ಬಟ್ಟೆ ತುರುಕಿ. ಪಿನ್ ಲಾಕ್ ಒಳಗೆ ಬಿದ್ದರೆ ಪೂರ್ತಿ ಎಂಜಿನ್ ಬಿಚ್ಚಬೇಕಾಗುತ್ತದೆ.

ಈಗ ರಾಡ್ ಹಿಡಿದು ನೇರವಾಗಿ ಮೇಲೆ ಕೆಳಗೆ ಎಳೆದು ಒತ್ತಿ. ಪಕ್ಕಕ್ಕೆ ಸ್ವಲ್ಪ ಅಲುಗಾಡುವುದು ಸಹಜ. ಮೇಲೆ ಕೆಳಗೆ ಕಟ್ ಅಂತ ಸ್ವಲ್ಪ ಆಡಿದರೂ ಬಿಗ್ ಎಂಡ್ ಹೋಗಿದೆ. ಇಲ್ಲಿಗೆ ನಿಲ್ಲಿಸಿ. ಕ್ರ್ಯಾಂಕ್ ಬಿಡಿಸಿ ಕೂಡಿಸಲು ಪ್ರೆಸ್ ಬೇಕು, ಆಮೇಲೆ ಅದು ನೆಟ್ಟಗೆ ತಿರುಗುತ್ತದಾ ಅಂತ ಡಯಲ್ ಗೇಜಿನಲ್ಲಿ ನೋಡಬೇಕು. ಮನೆಯಲ್ಲಿ ಸುತ್ತಿಗೆಯಲ್ಲಿ ಹೊಡೆದು ಕೂಡಿಸಿದ ಕ್ರ್ಯಾಂಕ್ ಬೇರಿಂಗುಗಳನ್ನು ತಿಂದುಹಾಕುತ್ತದೆ. ಕೇಸನ್ನೇ ಬದಲಿಸಬೇಕಾಗಿ ಬಂದರೆ ಎಂಜಿನ್ ನಂಬರ್ ಇರುವುದು ಅದರ ಮೇಲೆಯೇ. ಆರ್‌ಟಿಒ ಕಚೇರಿಯಲ್ಲಿ ದಾಖಲೆ ಸರಿಪಡಿಸಿಕೊಳ್ಳಬೇಕು.

ರಾಡ್ ಗಟ್ಟಿ ಇದ್ದರೆ ಬ್ಲಾಕಿನ ಒಳಗೆ ಬೆರಳಾಡಿಸಿ. ಮೇಲಿನ ಅಂಚಿನ ಹತ್ತಿರ ಉಗುರಿಗೆ ಮೆಟ್ಟಿಲು ಸಿಕ್ಕರೆ ಗೋಡೆ ಸವೆದಿದೆ. ಉದ್ದುದ್ದ ಗೆರೆಗಳಿದ್ದರೆ ದೂಳು ಹೋಗಿದೆ. ರಿಂಗನ್ನು ಬ್ಲಾಕಿನೊಳಗೆ ಇಟ್ಟು, ಪಿಸ್ಟನ್ನಿನಿಂದ ಒತ್ತಿ ನೇರ ಮಾಡಿ, ತುದಿಗಳ ನಡುವಿನ ಸಂದು ಅಳೆಯಿರಿ. ಅದು 0.5 ಮಿ.ಮೀ. ಮುಟ್ಟಿದರೆ ರಿಂಗ್ ಮುಗಿದಿದೆ. ಬ್ಲಾಕ್ ಸವೆದಿದ್ದರೆ ಬರೀ ರಿಂಗ್ ಹಾಕಿ ಪ್ರಯೋಜನ ಇಲ್ಲ, ಹೊಗೆ ಮತ್ತೆ ಬರುತ್ತದೆ.

ಬೋರಿಂಗ್, ಅಂದರೆ ಬ್ಲಾಕಿನ ಒಳಗೋಡೆ ಕೊರೆದು ದೊಡ್ಡದು ಮಾಡುವುದು, ಲೇತಿನವರದೇ ಕೆಲಸ. 0.25, 0.50, 0.75, 1.00 ಮಿ.ಮೀ. ದೊಡ್ಡ ಪಿಸ್ಟನ್‌ಗಳು ಸಿಗುತ್ತವೆ. ಮೊದಲು ಪಿಸ್ಟನ್ ತಂದು ಅವರ ಕೈಗೆ ಕೊಡಿ, ಆ ಪಿಸ್ಟನ್ ಅಳತೆಗೇ ಬೋರ್ ಮಾಡಿ ಹೋನಿಂಗ್ (ಕಲ್ಲಿನಿಂದ ಗೋಡೆ ಉಜ್ಜಿ ಸಣ್ಣ ಗೆರೆ ಎಳೆಯುವುದು) ಮಾಡಲಿ. ಕಬ್ಬಿಣದ ಸ್ಲೀವ್ ಇರುವ ಬ್ಲಾಕಿಗೆ ಮಾತ್ರ ಇದು ಆಗುತ್ತದೆ. ಒಳಗೆ ಲೇಪನ ಇರುವ ಅಲ್ಯೂಮಿನಿಯಂ ಬ್ಲಾಕ್ ಆದರೆ ಬ್ಲಾಕ್ ಸಮೇತ ಕಿಟ್ ಬದಲಿಸಬೇಕು. ಹೆಡ್ಡಿನ ಪೋರ್ಟಿಗೆ ಸೀಮೆಎಣ್ಣೆ ತುಂಬಿಸಿ ಸ್ವಲ್ಪ ಹೊತ್ತು ಬಿಡಿ. ವಾಲ್ವ್ ಅಂಚಿನಿಂದ ಒಸರಿದರೆ ವಾಲ್ವ್ ಗ್ರೈಂಡಿಂಗಿಗೂ ಅಲ್ಲೇ ಕೊಡಿ.

ಲೇತಿನಿಂದ ಬಂದ ಬ್ಲಾಕನ್ನು ಸೋಪು, ಬಿಸಿನೀರಿನಲ್ಲಿ ಉಜ್ಜಿ ತೊಳೆಯಿರಿ. ಸೀಮೆಎಣ್ಣೆ ಸಾಲದು, ಹೋನಿಂಗ್ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದಿ ಬಣ್ಣ ಬರದಿರುವ ತನಕ ತೊಳೆದು, ಕೂಡಲೇ ಆಯಿಲ್ ಸವರಿ.

ಕೂಡಿಸುವಾಗ ಪಿಸ್ಟನ್ ಮೇಲಿನ ಐಎನ್ ಗುರುತು ಇಂಟೇಕ್ ಕಡೆಗೆ ಇರಲಿ. ಬಾಣದ ಗುರುತಿದ್ದರೆ ಸೈಲೆನ್ಸರ್ ಕಡೆಗೆ. ರಿಂಗಿನ ಅಕ್ಷರ ಇರುವ ಮುಖ ಮೇಲೆ, ತುದಿಗಳು 120 ಡಿಗ್ರಿ ದೂರ ದೂರ. ಪಿನ್ ಲಾಕ್ ಹಳೆಯದನ್ನು ಮತ್ತೆ ಹಾಕಬೇಡಿ. ಹೆಡ್ ನಟ್ಟು ಎದುರುಬದುರಾಗಿ, ಎರಡು ಮೂರು ಹಂತದಲ್ಲಿ, ಪುಸ್ತಕದ ಟಾರ್ಕಿಗೆ. ಆಮೇಲೆ ಪ್ಲಗ್ ಹಾಕದೆ ಮ್ಯಾಗ್ನೆಟ್ಟನ್ನು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲವಂತ ಮಾಡಬೇಡಿ. ಟೈಮಿಂಗ್ ತಪ್ಪಿ ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆ, ಗುರುತುಗಳನ್ನು ಮತ್ತೆ ಕೂಡಿಸಿ.

ಸ್ಟಾರ್ಟ್ ಆದ ಮೇಲೆ

ಮೊದಲ ದಿನ ಸ್ವಲ್ಪ ಹೊಗೆ ಬರುತ್ತದೆ, ಕೂಡಿಸುವಾಗ ಹಚ್ಚಿದ ಆಯಿಲ್ ಉರಿಯುವುದು ಅದು. ಮೊದಲ 500 ಕಿ.ಮೀ. ಪೂರ್ತಿ ಎಕ್ಸಲರೇಟರ್ ಬೇಡ, ಮೂಟೆ ಹೇರುವುದು ಬೇಡ. ಹಾಗಂತ ಒಂದೇ ವೇಗದಲ್ಲೂ ಓಡಿಸಬೇಡಿ, ಏರಿಳಿತ ಇದ್ದರೆ ರಿಂಗ್ ಚೆನ್ನಾಗಿ ಕೂರುತ್ತದೆ. 500ಕ್ಕೆ ಆಯಿಲ್ ಬದಲಿಸಿ, ಟ್ಯಾಪೆಟ್ ಮತ್ತೆ ನೋಡಿ. ಇಳಿಸಿದ ಆಯಿಲ್ ಬಿಸಿಲಿಗೆ ಹಿಡಿದಾಗ ಬೆಳ್ಳಿ ಪುಡಿಯಂತೆ ಸ್ವಲ್ಪ ಮಿನುಗುವುದು ಸಹಜ. ಕೈಗೆ ಸಿಗುವ ಚೂರು ಇದ್ದರೆ ಓಡಿಸುವುದು ನಿಲ್ಲಿಸಿ ಮೆಕ್ಯಾನಿಕ್‌ಗೆ ತೋರಿಸಿ. ಹಳೇ ಆಯಿಲನ್ನು ಕಾಲುವೆಗೆ, ಚರಂಡಿಗೆ ಚೆಲ್ಲಬೇಡಿ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ, ಹಳೇ ಆಯಿಲ್ ಕೊಳ್ಳುವವರು ಅಲ್ಲಿಗೆ ಬರುತ್ತಾರೆ.

1000 ಕಿ.ಮೀ. ದಾಟಿದರೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗ್ ತಲೆಕೆಳಗಾಗಿ ಕೂತಿರಬಹುದು, ಬೋರ್ ಅಳತೆ ಸರಿ ಬಂದಿಲ್ಲದಿರಬಹುದು, ಇಲ್ಲವೇ ಹೆಡ್ಡಿನ ಸೀಲ್ ಹಳೆಯದೇ ಉಳಿದಿರಬಹುದು. ಬ್ಲಾಕ್ ಮತ್ತೆ ಎತ್ತುವ ಮುಂಚೆ ಹೊಗೆ ಯಾವ ಹೊತ್ತಿಗೆ ಬರುತ್ತದೆ ಅಂತ ನೋಡಿ, ಚಮಚ ಆಯಿಲಿನ ಪರೀಕ್ಷೆ ಇನ್ನೊಮ್ಮೆ ಮಾಡಿ.